ಆರೋಪಿಯ ಪರ ನಿಂತವರು ಅಪರಾಧದ ಪರ ನಿಂತವರಲ್ಲ

ಘೋರ ಅಪರಾಧವೊಂದು ಸುದ್ದಿಯಾದ ಮರುದಿನವೇ ‘ಇಂಥವನ ಪರ ಯಾವ ವಕೀಲರೂ ವಕಾಲತ್ತು ಹಾಕಬಾರದು’ ಎಂಬ ಕೂಗು ಏಳುತ್ತದೆ. ಜನ ಸಿಟ್ಟಿನಲ್ಲಿ ಹೀಗನ್ನುವುದು ಅರ್ಥವಾಗುತ್ತದೆ. ಆದರೆ ವಕೀಲರ ಸಂಘಗಳೇ ಹೀಗೆ ನಿರ್ಣಯ ಮಾಡಿದ್ದುಂಟು. 2020ರ ಫೆಬ್ರುವರಿಯಲ್ಲಿ, ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಹಾಜರಾಗುವುದಿಲ್ಲವೆಂದು ಹುಬ್ಬಳ್ಳಿಯ ವಕೀಲರ ಸಂಘ ನಿರ್ಣಯಿಸಿತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಬೆಂಗಳೂರಿನಿಂದ ಹೋದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಧಾರವಾಡದ ಕೋರ್ಟಿಗೆ ಜಾಮೀನು ಅರ್ಜಿ ಹಾಕಬೇಕಾಯಿತು.

ಇಂಥ ನಿರ್ಣಯಗಳು ಅಸಿಂಧು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ, ಕೊಯಮತ್ತೂರಿನ ಪ್ರಕರಣವೊಂದರಲ್ಲಿ ಹೇಳಿಯಾಗಿತ್ತು. ತನ್ನ ಆಯ್ಕೆಯ ವಕೀಲರನ್ನು ಪಡೆಯುವ ಹಕ್ಕನ್ನು ಬಂಧಿತನಿಗೆ ಕೊಟ್ಟಿರುವುದು ಸಂವಿಧಾನದ 22ನೇ ವಿಧಿ. ಆರೋಪಿ ತಪ್ಪಿತಸ್ಥನೆಂದು ತಮಗೆ ಅನಿಸಿದರೂ ಅವನ ಪರ ವಾದಿಸಬೇಕೆಂದು ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ತೀರ್ಪು ಕೊಡುವ ಕೆಲಸ ನ್ಯಾಯಾಧೀಶರದು, ವಕೀಲರದಲ್ಲ.

ಸಮರ್ಥ ವಕೀಲರಿಲ್ಲದೆ ಶಿಕ್ಷೆಯಾದರೆ ಆಗುವುದೇನು? ಮಧ್ಯಪ್ರದೇಶದ ಖಂಡ್ವಾದಲ್ಲಿ 2013ರಲ್ಲಿ ಮಗುವಿನ ಅತ್ಯಾಚಾರ, ಕೊಲೆ ಪ್ರಕರಣದ ಆರೋಪಿಗೆ ವಕೀಲರನ್ನು ನೇಮಿಸಿದ ದಿನವೇ ದೋಷಾರೋಪ ಹೊರಿಸಿ, ಎರಡೇ ವಾರದಲ್ಲಿ ವಿಚಾರಣೆ ಮುಗಿಸಿ ಗಲ್ಲು ಶಿಕ್ಷೆ ಕೊಟ್ಟರು. ವಕೀಲರಿಗೆ ಕಡತ ಓದುವಷ್ಟು ಸಮಯವೂ ಸಿಗಲಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿ ಮರುವಿಚಾರಣೆಗೆ ಆದೇಶಿಸಿತು. 2024ರಲ್ಲಿ ಆತ ಖುಲಾಸೆಯಾದ. ಹನ್ನೊಂದು ವರ್ಷ ಒಬ್ಬ ಜೈಲಿನಲ್ಲಿ ಕೊಳೆತ. ಮಗು ಕಳೆದುಕೊಂಡ ಮನೆಯವರಿಗೂ ನ್ಯಾಯ ಸಿಗಲಿಲ್ಲ. ಅವಸರದ ವಿಚಾರಣೆ ಇಬ್ಬರಿಗೂ ದ್ರೋಹ ಮಾಡಿತು.

‘ಪೊಲೀಸರ ಮುಂದೆ ತಾನೇ ಒಪ್ಪಿಕೊಂಡಿದ್ದಾನಂತೆ, ಇನ್ನೇನು ವಿಚಾರಣೆ?’ ಎನ್ನುವವರೂ ಬಹಳ. ಠಾಣೆಯಲ್ಲಿ ಬರೆಸಿಕೊಳ್ಳುವ ‘ಸ್ವಇಚ್ಛಾ ಹೇಳಿಕೆ’ಯಲ್ಲಿ ಎಷ್ಟೇ ತಪ್ಪೊಪ್ಪಿಗೆ ಇದ್ದರೂ ಸಾಮಾನ್ಯವಾಗಿ ಕೋರ್ಟಿನಲ್ಲಿ ಅದು ಸಾಕ್ಷ್ಯವಲ್ಲ. ಬ್ರಿಟಿಷರ ಕಾಲದಿಂದ ಇದ್ದ ಈ ನಿಯಮ 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಆ ಹೇಳಿಕೆಯಿಂದ ಚಾಕುವೋ ಒಡವೆಯೋ ಪತ್ತೆಯಾದರೆ, ಪತ್ತೆಗೆ ಸಂಬಂಧಿಸಿದಷ್ಟು ಮಾತನ್ನು ಮಾತ್ರ ಕೋರ್ಟ್ ಪರಿಗಣಿಸಬಹುದು. ವಕೀಲರ ಕಸುಬು ಕಾಣುವುದು ಇಲ್ಲಿಯೇ. ಮಹಜರಿಗೆ ಸಹಿ ಹಾಕಿದ ಪಂಚನನ್ನು ಪಾಟಿ ಸವಾಲಿನಲ್ಲಿ ಕೇಳುತ್ತಾರೆ: ಸ್ಥಳಕ್ಕೆ ಹೋಗಿದ್ದಿರಾ? ಚಾಕು ತೆಗೆದುಕೊಟ್ಟಿದ್ದನ್ನು ಕಣ್ಣಾರೆ ಕಂಡಿರಾ? ಸಹಿ ಹಾಕಿದ್ದು ಎಲ್ಲಿ? ‘ಸ್ಟೇಷನ್ನಿನಲ್ಲೇ ಹಾಕಿದೆ, ಓದಿ ನೋಡಲಿಲ್ಲ’ ಎಂಬ ಉತ್ತರ ಬಂದರೆ ಇಡೀ ಪ್ರಕರಣ ಅಲುಗಾಡುತ್ತದೆ. ಇದನ್ನು ‘ಲೂಪ್‌ಹೋಲ್’ ಎಂದು ಹಳಿಯುವುದು ಸರಿಯಲ್ಲ. ತನಿಖೆ ನೆಟ್ಟಗೆ ನಡೆದಿದೆಯೇ ಎಂದು ಎಲ್ಲರ ಎದುರು ಒರೆಗೆ ಹಚ್ಚುವ ದಾರಿ ಇದೇ.

ಒಂದು ಕಾಲಕ್ಕೆ, ಆರೋಪಿಯ ಬಾಯಿ ಬಿಡಿಸಲು ಮಾಡುವ ಮಂಪರು ಪರೀಕ್ಷೆಗೆ ಬೆಂಗಳೂರು ದೇಶದಲ್ಲೇ ಹೆಸರಾಗಿತ್ತು. ಒಪ್ಪಿಗೆಯಿಲ್ಲದೆ ಅದನ್ನು ಮಾಡುವಂತಿಲ್ಲವೆಂದು 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ಪ್ರಕರಣದ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದೆಂಬ 20(3)ನೇ ವಿಧಿಯೇ ಅದಕ್ಕೆ ಮುಖ್ಯ ಆಧಾರ. ಹಾಗಾಗಿ ‘ಬಾಯಿ ಬಿಡುತ್ತಿಲ್ಲ, ಅಂದಮೇಲೆ ಇವನೇ ಮಾಡಿರಬೇಕು’ ಎಂಬ ತರ್ಕಕ್ಕೂ ಕಾನೂನಿನಲ್ಲಿ ಜಾಗವಿಲ್ಲ.

ಜಾಮೀನಿನ ಬಗ್ಗೆಯೂ ಇಂಥದೇ ತಪ್ಪು ತಿಳಿವಳಿಕೆಯಿದೆ. ಜಾಮೀನು ಸಿಕ್ಕಿತೆಂದರೆ ಕೇಸು ಬಿದ್ದುಹೋಯಿತೆಂದಲ್ಲ. ವಿಚಾರಣೆ ಮುಂದುವರಿಯುತ್ತದೆ, ಆರೋಪಿ ಕೋರ್ಟಿಗೆ ಅಲೆಯುತ್ತಲೇ ಇರುತ್ತಾನೆ.

‘ದುಡ್ಡಿದ್ದವರಿಗೆ ಮಾತ್ರ ವಕೀಲರು’ ಎಂಬ ಮಾತಿನಲ್ಲಿ ನೋವಿನ ನಿಜವಿದೆ, ಆದರೆ ಕಾನೂನು ಹಾಗೆ ಕೈಬಿಟ್ಟಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಬಹುದು. ಬಂಧಿತನನ್ನು ಮೊದಲ ಸಲ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗಲೇ ಈ ಹಕ್ಕನ್ನು ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದ್ದು ಮುಂಬೈ ದಾಳಿಯ ಅಜ್ಮಲ್ ಕಸಬ್‌ನ ಮೇಲ್ಮನವಿಯಲ್ಲಿ. ಮನೆಯವರು ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಒಳಗಿರುವವರು ಜೈಲಿನ ಅಧಿಕಾರಿಗಳ ಮೂಲಕವೇ ಅರ್ಜಿ ಕೊಡಬಹುದು.