ಹುಡುಗರ ಜೊತೆ ಊರೊಳಗೆ ನಡೆಯೋರು ಯಾರು?

ಡಾಕ್ಟರ್ ಆಗೋರು ಆಸ್ಪತ್ರೆಯಲ್ಲಿ ಕಲಿತರೆ ಸಾಕಾ? ಸಾಲದು ಅಂತ 1946ರಲ್ಲೇ ಭೋರ್ ಸಮಿತಿ ಹೇಳಿತ್ತು. ಈಗ ರಾಷ್ಟ್ರೀಯ ವೈದ್ಯಕೀಯ ಆಯೋಗ 'ಕುಟುಂಬ ದತ್ತು ಕಾರ್ಯಕ್ರಮ' ತಂದಿದೆ. 2021-22ರ ಬ್ಯಾಚ್‌ನಿಂದ ಪ್ರತಿ ಎಂಬಿಬಿಎಸ್ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ಗಮನಿಸುತ್ತಾ ಬರಬೇಕು. ಒಳ್ಳೇದೇ. ಆದರೆ ಹುಡುಗರನ್ನು ಬಸ್ಸಲ್ಲಿ ತಂದು ಊರ ಮುಂದೆ ಇಳಿಸಿಬಿಟ್ಟರೆ ಪಾಠ ಆಗುತ್ತಾ? ಜೊತೆಗೆ ನಡೆಯೋ ಮೇಷ್ಟ್ರು ಬೇಕು.

ಕೊಪ್ಪಳ ಜಿಲ್ಲೆಯನ್ನೇ ತಗೊಳ್ಳಿ. ಗಂಗಾವತಿ ತಾಲ್ಲೂಕಿನ ಮರಳಿ ಇರೋದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ. ಇಂಥ ಕಡೆ ನಾಟಿ ಕಾಲದಲ್ಲಿ ಬೆಳಗ್ಗೆ 11ಕ್ಕೆ ಹೋದರೆ ಕೂಲಿಯವರ ಮನೆಗೆ ಬೀಗ. ವಿದ್ಯಾರ್ಥಿ ಫಾರಂನಲ್ಲಿ 'ಮನೆಯಲ್ಲಿಲ್ಲ' ಅಂತ ಬರೆದು ಮುಂದೆ ಹೋಗ್ತಾನೆ. ಹಾಗೆ ಲೆಕ್ಕದಿಂದ ಬಿಟ್ಟುಹೋಗೋರು ಯಾರು? ಕೆಸರಲ್ಲಿ ಬಗ್ಗಿ ದುಡಿಯೋ ಹೆಣ್ಣುಮಕ್ಕಳು! ಮೇಷ್ಟ್ರು ಜೊತೆಗಿದ್ದರೆ, 'ಈಗ ಗದ್ದೆ ಕಡೆ ಹೋಗೋಣ, ಮನೆಗೆ ಸಂಜೆ ಬರೋಣ' ಅಂತಾರೆ.

ಅದೇ ಕುಷ್ಟಗಿ, ಯಲಬುರ್ಗಾ ಕಡೆ ಹೋಗಿ. ಒಣಭೂಮಿ, ಬೋರ್‌ವೆಲ್ ನೀರು, ಹಲವು ಊರಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯೋಕೆ ಯೋಗ್ಯವಲ್ಲ. ಕಲೆಗಟ್ಟಿದ ಹಲ್ಲಿನ ಹುಡುಗನಿಗೆ 'ಚೆನ್ನಾಗಿ ಉಜ್ಜಪ್ಪಾ' ಅಂತ ಬುದ್ಧಿ ಹೇಳೋದು ಸುಲಭ. ಆ ಕಲೆ ಉಜ್ಜಿದರೆ ಹೋಗಲ್ಲ. ಹಲ್ಲು ಬೆಳೆಯೋ ವಯಸ್ಸಲ್ಲಿ ಕುಡಿದ ನೀರಿನ ಗುರುತು ಅದು. 'ಈ ಮನೆಯವರು ಕೊಡ ಎಲ್ಲಿ ತುಂಬ್ತಾರೆ, ಅದನ್ನ ಕೇಳು' ಅಂತ ಹೇಳಿಕೊಡೋರು ಬೇಕು.

ಇನ್ನೊಂದು ಮಾತು. ಅತ್ತೆಯ ಎದುರಿಗೆ ಸೊಸೆಯನ್ನು ಕೇಳಬಾರದ ಪ್ರಶ್ನೆಗಳಿವೆ. ಯಾವ ಮನೆಯಲ್ಲಿ ಏನು ಕೇಳಬಹುದು ಅನ್ನೋದು ಆ ಊರಿನ ಆಶಾ ಕಾರ್ಯಕರ್ತೆಗೆ ಗೊತ್ತು. 'ಅಕ್ಕಾರ, ಈ ಮನಿಯಾಗ ಹೆಂಗ ಮಾತಾಡ್ಬೇಕ್ರಿ?' ಅಂತ ವಿದ್ಯಾರ್ಥಿ ಆಕೆಯನ್ನ ಕೇಳಬೇಕು. ಆಕೆಯನ್ನ ಬರೀ ದಾರಿ ತೋರಿಸೋಕೆ ಕರೆಯಬೇಡಿ. ಆಕೆಯೂ ಗುರುವೇ.

ಕೊನೆಯದಾಗಿ, ಒಬ್ಬ ಅಜ್ಜಿಯ ಬಿಪಿ 180 ಬಂತು ಅಂತಿಟ್ಕೊಳ್ಳಿ. ಪುಸ್ತಕದಲ್ಲಿ ನಂಬರ್ ಸೇರ್ತು. ವಿದ್ಯಾರ್ಥಿಗೆ ಮಾರ್ಕ್ಸ್ ಬಂತು. ಅಜ್ಜಿಗೆ ಏನು ಬಂತು? ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು, ಮುಂದಿನ ವಾರ ಮಾತ್ರೆ ಸಿಕ್ತಾ ಅಂತ ವಿಚಾರಿಸಬೇಕು. ಇದನ್ನ ಮಾಡಿಸೋ ಹೊಣೆ ಮಾರ್ಗದರ್ಶಕರದು. ಅದಾಗದಿದ್ದರೆ ಬಡವರ ಮನೆ ಹುಡುಗರಿಗೆ ಪ್ರಯೋಗಶಾಲೆ ಆಗುತ್ತೆ, ಅಷ್ಟೇ.

ಎಷ್ಟು ಮನೆ ಸುತ್ತಿದ್ರಿ ಅಂತ ಕಾಲೇಜುಗಳು ವಿದ್ಯಾರ್ಥಿಗಳನ್ನ ಕೇಳುತ್ತವೆ. ಎಷ್ಟು ದಿನ ಹುಡುಗರ ಜೊತೆ ನಡೆದ್ರಿ ಅಂತ ಮೇಷ್ಟ್ರನ್ನೂ ಕೇಳಲಿ. ನಿಮ್ಮ ಮನೆಗೆ ಇಂಥ ಹುಡುಗರು ಬಂದರೆ ನೀವೂ ಕೇಳಿ: 'ಮತ್ತ ಯಾವಾಗ ಬರ್ತೀರಿ?'