ಚಿಕ್ಕ ಕ್ಲಾಸು ತಾನೇ, ಎರಡು ದಿನ ರಜೆ ಹಾಕಿಸಿದರೆ ಏನಾಗುತ್ತೆ?

ಯಶವಂತಪುರದಲ್ಲಿ ರಾತ್ರಿ ರೈಲು ಹತ್ತಿ ಜಾತ್ರೆಗೆಂದು ಊರಿಗೆ ಹೊರಟ ಕುಟುಂಬವಿರಲಿ, ಯಲಹಂಕದ ಅಪಾರ್ಟ್‌ಮೆಂಟಿನಿಂದ ಸೋಮವಾರವನ್ನೂ ಸೇರಿಸಿಕೊಂಡು ಪ್ರವಾಸಕ್ಕೆ ಹೊರಟ ಕುಟುಂಬವಿರಲಿ, ಹೇಳಿಕೊಳ್ಳುವ ಸಮಾಧಾನ ಒಂದೇ: "ಒಂದನೇ ಕ್ಲಾಸು ತಾನೇ? ಹೇಗೂ ಫೇಲ್ ಮಾಡೋ ಹಾಗಿಲ್ಲ." ಈ ಮಾತಿನಲ್ಲಿ ಅರ್ಧ ನಿಜವಿದೆ. ತೊಂದರೆ ಇರುವುದು ಇನ್ನರ್ಧದಲ್ಲಿ.

ನಿಜ ಎಷ್ಟು?

ಒಂದರಿಂದ ನಾಲ್ಕನೇ ತರಗತಿವರೆಗೆ ಮಗುವನ್ನು ಫೇಲ್ ಮಾಡಿ ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು 2009ರ ಶಿಕ್ಷಣ ಹಕ್ಕು ಕಾಯ್ದೆ ಬಿಡುವುದಿಲ್ಲ. 2019ರ ತಿದ್ದುಪಡಿ ಆ ಅವಕಾಶವನ್ನು ರಾಜ್ಯಗಳಿಗೆ ಕೊಟ್ಟದ್ದು 5 ಮತ್ತು 8ನೇ ತರಗತಿಗೆ ಮಾತ್ರ. "ಶೇ 75 ಹಾಜರಾತಿ ಇಲ್ಲದಿದ್ದರೆ ಮಗುವನ್ನು ಮುಂದಿನ ಕ್ಲಾಸಿಗೆ ಬಿಡಲ್ಲ" ಎಂಬ ಫಾರ್ವರ್ಡ್ ಬಂದರೆ ಹೆದರಬೇಕಿಲ್ಲ. ಆ ಲೆಕ್ಕ ಎಸ್ಸೆಸ್ಸೆಲ್ಸಿ, ಪಿಯುಸಿಯಂಥ ಬೋರ್ಡ್ ಪರೀಕ್ಷೆಗಳದ್ದು.

ಆದರೆ ಫೇಲ್ ಮಾಡುವುದಿಲ್ಲ ಎಂದ ಮಾತ್ರಕ್ಕೆ ನಷ್ಟವಾಗಲಿಲ್ಲ ಎಂದಲ್ಲ. ನಷ್ಟ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಅಷ್ಟೇ.

ಒಂದು ಲೆಕ್ಕ ಹಾಕಿ ನೋಡಿ. ಅದೇ ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ದಿನಕ್ಕೆ ನಾಲ್ಕು ಗಂಟೆ ಬಿತ್ತು. ತಿಂಗಳಿಗೆ ಎರಡೇ ದಿನ ತಪ್ಪಿಸಿದರೂ ಹತ್ತು ತಿಂಗಳಿಗೆ 20 ದಿನ, ಅಂದರೆ 80 ಗಂಟೆ ಹೋಯಿತು. ಐದು ವರ್ಷ ಇದೇ ರೂಢಿಯಾದರೆ 100 ದಿನ. ಐದನೇ ತರಗತಿ ಮುಗಿಸಿದ ಮಗು ಓದಿರುವುದು ನಾಲ್ಕೂವರೆ ವರ್ಷ ಮಾತ್ರ!

ಆ ದಿನಗಳಲ್ಲಿ ತಪ್ಪಿಹೋಗುವುದೇನು?

ದೊಡ್ಡ ತರಗತಿಯಲ್ಲಿ ಇತಿಹಾಸದ ಒಂದು ಪಾಠ ತಪ್ಪಿದರೆ ಆಮೇಲೆ ಓದಿಕೊಳ್ಳಬಹುದು, ಯಾಕೆಂದರೆ ಓದಲು ಬರುತ್ತದೆ. ಚಿಕ್ಕ ಕ್ಲಾಸಿನಲ್ಲಿ ಕಲಿಸುವುದೇ ಓದುವುದನ್ನು. ಮೊದಲು ಅಕ್ಷರ, ಆಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಒತ್ತಕ್ಷರ ಹೇಳಿಕೊಟ್ಟ ವಾರ ಮಗು ಊರಿನಲ್ಲಿದ್ದರೆ 'ಅಮ್ಮ' 'ಅಮ' ಆಗುತ್ತದೆ. ಮರಳಿ ಬರುವಷ್ಟರಲ್ಲಿ ತರಗತಿ ವಾಕ್ಯಕ್ಕೆ ಹೋಗಿರುತ್ತದೆ. ಲೆಕ್ಕದಲ್ಲೂ ಹಾಗೆಯೇ. ಕೂಡುವಾಗ ದಶಕ ಯಾಕೆ ಮೇಲೆ ಹೋಗುತ್ತದೆ ಎಂದು ತಿಳಿಯದ ಮಗುವಿಗೆ ಮುಂದೆ ಕಳೆಯುವಾಗ ಸಾಲ ತೆಗೆದುಕೊಳ್ಳುವುದೂ ಒಗಟು.

ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಈ ತೊಂದರೆಯನ್ನು ಗಮನದಲ್ಲಿಟ್ಟುಕೊಂಡಿದೆ. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಗು ತನ್ನದೇ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ, ರಜೆ ಮುಗಿಸಿ ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಯಬಹುದು. ಪುಟ ಎಣಿಸಿ ಪಾಠ ಮುಗಿಸುವ ಶಾಲೆಗಳಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಅಮ್ಮಂದಿರ ಗುಂಪಿನಲ್ಲಿ ನೋಟ್ಸಿನ ಫೋಟೊ ತರಿಸಿಕೊಂಡು ಮಗುವಿನ ಕೈಲಿ ಬರೆಸುತ್ತೇವೆ. ನೋಟ್‌ಬುಕ್ ಭರ್ತಿಯಾಗುತ್ತದೆ. ಪಾಠ ಅರ್ಥವಾಯಿತೋ ಇಲ್ಲವೋ ಅದು ಬೇರೆ ಮಾತು.

ಶಾಲೆ ತಪ್ಪಿದರೆ ಹೊಸದು ಬಾರದಿರುವುದಷ್ಟೇ ಅಲ್ಲ, ಬಂದದ್ದೂ ಮರೆಯುತ್ತದೆ. ಕೊರೊನಾ ಕಾಲದಲ್ಲಿ ಇದು ಕಣ್ಣಿಗೆ ಕಂಡಿತು. ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು 2021ರಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಪರೀಕ್ಷಿಸಿ ನೋಡಿದಾಗ, ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನಾದರೂ ಶೇ 92 ಮಕ್ಕಳು ಕಳೆದುಕೊಂಡಿದ್ದರು. ಗಣಿತದಲ್ಲಿ ಶೇ 82. ಎರಡು ದಿನದ ರಜೆ ವರ್ಷದ ಬಾಗಿಲುಮುಚ್ಚಿಗೆ ಸಮವಲ್ಲ, ನಿಜ. ಆದರೆ ಅಭ್ಯಾಸ ತಪ್ಪಿದರೆ ಚಿಕ್ಕ ಮಕ್ಕಳ ಕಲಿಕೆ ಎಷ್ಟು ಬೇಗ ಜಾರುತ್ತದೆ ಎನ್ನುವುದು ಗೊತ್ತಾಯಿತಲ್ಲ.

ಹಾಗಾದರೆ ಶಾಲೆಯವರೇ ಯಾಕೆ ಹೇಳುವುದಿಲ್ಲ?

2013ರಲ್ಲಿ ಕರ್ನಾಟಕ ಹೈಕೋರ್ಟ್ ಪತ್ರಿಕಾ ವರದಿಯೊಂದನ್ನು ನೋಡಿ, ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಕಾರಣ ತಿಳಿಸದೆ ಸತತ 7 ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗುವೆಂದು ಪರಿಗಣಿಸಿ ವಿಚಾರಿಸಬೇಕೆಂಬ ನಿಯಮ ರಾಜ್ಯದಲ್ಲಿ ಬಂದದ್ದು ಇದರ ನಂತರ. ಒಳ್ಳೆಯ ನಿಯಮವೇ. ಆದರೆ ಅದು ಹಿಡಿಯುವುದು ಸತತ ಗೈರನ್ನು. ಇವತ್ತೊಂದು, ಹದಿನೈದು ದಿನ ಬಿಟ್ಟು ಇನ್ನೊಂದು ಎಂದು ಚೂರುಚೂರಾಗಿ ಹೋಗುವ ದಿನಗಳು ಈ ಜರಡಿಗೆ ಸಿಗುವುದಿಲ್ಲ. ಅದನ್ನು ಗಮನಿಸಬೇಕಾದವರು ಮನೆಯವರೇ.

ಎಲ್ಲ ಮನೆಗಳಲ್ಲೂ ಅದು ಸುಲಭವಲ್ಲ ಎನ್ನುವುದೂ ಗೊತ್ತಿರಬೇಕು. ಯಲಹಂಕ, ಹೆಬ್ಬಾಳ ಸುತ್ತ ಕಟ್ಟಡ ಕೆಲಸಕ್ಕೆ ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದವರ ಮಕ್ಕಳು ಸೈಟು ಬದಲಾದಾಗಲೆಲ್ಲ ಶಾಲೆ ಬಿಡುತ್ತಾರೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರೆ ತಮ್ಮನನ್ನು ನೋಡಿಕೊಳ್ಳಲು ಎಂಟು ವರ್ಷದ ಅಕ್ಕ ಶೆಡ್ಡಿನಲ್ಲೇ ಉಳಿಯುತ್ತಾಳೆ. ಆ ದಿನ ಅವಳಿಗೆ ತಪ್ಪುವುದು ಪಾಠವೊಂದೇ ಅಲ್ಲ, ಶಾಲೆಯ ಬಿಸಿಯೂಟವೂ ಹೌದು. ಇಂಥ ಕುಟುಂಬ ನಿಮಗೆ ಗೊತ್ತಿದ್ದರೆ ಈ ಮಾತು ತಿಳಿಸಿ: ವರ್ಷದ ಮಧ್ಯದಲ್ಲಿ ಬಂದರೂ ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳಬೇಕು. ವರ್ಗಾವಣೆ ಪತ್ರ ತಡವಾಯಿತು, ಜನನ ಪ್ರಮಾಣಪತ್ರ ಇಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ಇದೆಲ್ಲ ಕಾಯ್ದೆಯಲ್ಲೇ ಇದೆ.

ಹಾಗೆಂದು ಜ್ವರ ಬಂದ ಮಗುವಿಗೆ ಮಾತ್ರೆ ಕೊಟ್ಟು ಕಳಿಸಬೇಡಿ. ಜ್ವರ, ವಾಂತಿ ಭೇದಿ ಇದ್ದರೆ ಮನೆಯಲ್ಲೇ ಇರಲಿ. ಸೀತಾಳೆ ಸಿಡುಬಾದರೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೂ ಬೇಡ. ಬರೀ ನೆಗಡಿಗೆ, ಮಳೆಗೆ, "ಇವತ್ತು ಮನಸ್ಸಿಲ್ಲ" ಎನ್ನುವುದಕ್ಕೆ ರಜೆ ಬೇಡ. ಆದರೆ ಮನಸ್ಸಿಲ್ಲ ಎನ್ನುವುದು ದಿನಾ ನಡೆದರೆ ಒಮ್ಮೆ ಕೂರಿಸಿಕೊಂಡು ಕೇಳಿ. ಹಿಂದಿನ ಪಾಠ ತಪ್ಪಿ, ಈಗ ಏನೂ ಅರ್ಥವಾಗದೆ ಕೂತಿರುವ ಮಗುವೂ ಹಾಗೇ ಹೇಳುತ್ತದೆ.

ರಜೆ ಆಗಿಯೇ ಹೋಗಿದ್ದರೆ ಟೀಚರ್ ಹತ್ತಿರ ನೋಟ್ಸ್ ಕೇಳುವ ಬದಲು ಆ ದಿನಗಳಲ್ಲಿ ಹೊಸದಾಗಿ ಏನು ಹೇಳಿಕೊಟ್ಟರು ಎಂದು ಕೇಳಿ. ಎರಡನೇ ಕ್ಲಾಸು ಮುಗಿಸುತ್ತಿರುವ ಮಗುವಾದರೆ ಬಸ್‌ಸ್ಟಾಪಿನಲ್ಲಿ ಬೋರ್ಡು ಓದಿಸಿ ನೋಡಿ. ಯಲಹಂಕ, ಯಶವಂತಪುರ ಎಂದು ಸರಾಗವಾಗಿ ಓದಿ ಹೆಬ್ಬಾಳದಲ್ಲಿ ತಡವರಿಸಿದರೆ, ಯಾವ ವಾರದ ಪಾಠ ತಪ್ಪಿದೆ ಎಂದು ನಿಮಗೇ ಗೊತ್ತಾಗುತ್ತದೆ.