ಕುದಿಸಿದ ಉಣ್ಣೆ, ಕುಗ್ಗಿದ ಸ್ವೆಟರ್

ಕಳೆದ ಚಳಿಗಾಲದಲ್ಲಿ ಅಮ್ಮನ ಎರಡು ಸ್ವೆಟರ್‌ಗಳನ್ನು ಒಟ್ಟಿಗೇ ವಾಷಿಂಗ್ ಮಷೀನ್‌ಗೆ ಹಾಕಿದೆ. ಒಂದು ಹಾಕಿದ ಹಾಗೇ ಬಂತು. ಇನ್ನೊಂದು ಅಕ್ಕನ ಆರು ವರ್ಷದ ಮಗಳ ಅಳತೆಗೆ ಇಳಿದಿತ್ತು! ಎರಡರ ಚೀಟಿಯಲ್ಲೂ ಶೇ. 100 ಉಣ್ಣೆ ಅಂತಲೇ ಇದೆ. ನಾನು ಬಿ.ಕಾಂ. ಓದಿದವನು, ಕೆಮಿಸ್ಟ್ರಿ ನನ್ನ ಕಡೆ ಸುಳಿದಿಲ್ಲ. ಆದರೆ ಬೈಸಿಕೊಂಡ ಮೇಲೆ ಕಾರಣ ಹುಡುಕಲೇಬೇಕಾಯ್ತು.

ಉಣ್ಣೆಯ ಪ್ರತಿ ಎಳೆಯ ಮೇಲೂ ಮೀನಿನ ಪೊರೆಯಂಥ ಸಣ್ಣ ಪದರಗಳಿರುತ್ತವೆ. ಬಿಸಿನೀರು, ಸೋಪು, ಉಜ್ಜಾಟ ಸೇರಿದರೆ ಎಳೆಗಳು ಸರಿದು ಒಂದಕ್ಕೊಂದು ಸಿಕ್ಕಿಕೊಳ್ತವೆ. ಮತ್ತೆ ಬಿಡಿಸೋಕೆ ಆಗಲ್ಲ. ಮಷೀನ್‌ನಲ್ಲಿ ಒಗೆಯಬಹುದು ಅಂತ ಮಾರುವ ಉಣ್ಣೆಗೆ ಹೆಚ್ಚಾಗಿ ಕ್ಲೋರಿನ್ ಕೊಟ್ಟು ಆ ಪೊರೆಗಳ ಅಂಚು ಸವೆಸಿ, ಮೇಲೆ ತೆಳ್ಳಗೆ ಪಾಲಿಮರ್ ಲೇಪ ಹಚ್ಚಿರ್ತಾರೆ. ಕುಗ್ಗುವುದೇನೋ ನಿಲ್ಲುತ್ತೆ. ಆದರೆ ನೀರಿನ ಹನಿ ಮೇಲೇ ಜಾರಿಹೋಗುವ ಉಣ್ಣೆಯ ಗುಣವೂ ಹೋಗುತ್ತೆ, ಬಟ್ಟೆ ಬೇಗ ನೆನೆಯುತ್ತೆ. ಕ್ಲೋರಿನ್ ಮಿತಿಮೀರಿದರಂತೂ ಎಳೆಯೇ ದುರ್ಬಲ.

ಬಣ್ಣದ ಕಥೆ ಇನ್ನೂ ದುಬಾರಿ. ಉಣ್ಣೆ ಅಂದರೆ ಕೆರಟಿನ್, ನಮ್ಮ ತಲೆಕೂದಲಲ್ಲಿರುವ ಪ್ರೋಟೀನೇ. ಅದನ್ನು ಆಮ್ಲ ಬೆರೆಸಿದ ನೀರಲ್ಲಿ, ಹೆಚ್ಚುಕಡಿಮೆ ಕುದಿಯುವ ಶಾಖದಲ್ಲಿ, ಸುಮಾರು ಒಂದು ಗಂಟೆ ಬೇಯಿಸ್ತಾರೆ. ಎಳೆಯನ್ನು ಗಟ್ಟಿಯಾಗಿ ಹಿಡಿದಿಡುವ ಗಂಧಕದ ಕೊಂಡಿಗಳು ಆಗ ಒಂದಿಷ್ಟು ಕಡಿದುಹೋಗ್ತವೆ. ನೀರಿನ ಪಿಎಚ್ 4.5ರಿಂದ 5ರ ಆಸುಪಾಸು ಇದ್ದರೆ ನಷ್ಟ ಕಡಿಮೆ. ಹೆಚ್ಚು ಹೊತ್ತು ಕುದಿಸಿದಷ್ಟೂ ಬಲ ಕುಸಿಯುತ್ತೆ. ಕ್ರೋಮ್ ಡೈನ ಗಾಢ ಕಪ್ಪಿಗೆ ಬಣ್ಣ ಹಿಡಿದ ಮೇಲೆ ಕ್ರೋಮಿಯಂ ಲವಣ ಹಾಕಿ ಮತ್ತೊಮ್ಮೆ ಕುದಿಸಬೇಕು. ಹಾಗಂತ ಬಿಳಿಯೇ ಕ್ಷೇಮ ಅಂದುಕೊಳ್ಳಬೇಡಿ, ಅಚ್ಚ ಬಿಳಿಗೆ ಪೆರಾಕ್ಸೈಡ್ ಬ್ಲೀಚ್ ಇದೆ. ಅದೂ ಎಳೆಯನ್ನು ತಿನ್ನುತ್ತೆ.

ಇಲ್ಲಿ ನಮ್ಮ ಚಳ್ಳಕೆರೆ ಕಡೆಯ ಕರಿ ಕಂಬಳಿ ನೆನಪಾಗುತ್ತೆ. ಕಪ್ಪು ಕುರಿಯದ್ದೇ ಬಣ್ಣ, ಹಾಗಾಗಿ ಡೈ ಹಂಡೆಯ ಕುದಿಯೇ ಇಲ್ಲ. ಮಗ್ಗದಲ್ಲಿ ನೂಲು ಹರಿಯದಿರಲಿ ಅಂತ ಹಾಸಿನ ಎಳೆಗೆ ಹುಣಸೆ ಬೀಜದ ಗಂಜಿ ಹಾಕ್ತಾರೆ. ಹೊಸ ಕಂಬಳಿ ಬಿರುಸಾಗಿರೋದಕ್ಕೆ ಅದೂ ಒಂದು ಕಾರಣ. ಚುಚ್ಚುತ್ತೆ, ನಿಜ. ಆ ಉಣ್ಣೆಯ ಎಳೆಯೇ ದಪ್ಪ.

ಅಮ್ಮನಿಗೆ ಹೊಸ ಸ್ವೆಟರ್ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಒಳಗಿನ ಚೀಟಿ ತಿರುಗಿಸಿ ನೋಡಿದೆ. ನೀರಿನ ತೊಟ್ಟಿಯ ಚಿತ್ರದಲ್ಲಿ ಕೈ ಇತ್ತು. ಅಂದರೆ ಕೈಯಲ್ಲೇ ಒಗೆಯಬೇಕು. ಒಗೆಯೋದು ನಾನೇ ಅಂತ ಅಂಗಡಿಯಲ್ಲೇ ತೀರ್ಮಾನವಾಯ್ತು.